ಜೂಜು, ಜಾಣ್ಮೆ ಮತ್ತು ಕಾಯಿದೆ

ದ್ಯೂತವು ಮಾನವನ ಅತಿ ಪ್ರಾಚೀನ ವ್ಯಸನಗಳಲ್ಲೊಂದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬರುವ ಅಕ್ಷಸೂಕ್ತವು ಜೂಜುಗಾರನೊಬ್ಬನ ಅಳಲನ್ನು ಚಿತ್ರಿಸುತ್ತದೆ. ಅತ್ತೆ ಅವನನ್ನು ದ್ವೇಷಿಸುತ್ತಾಳೆ, ಮಡದಿ ದೂರವಾಗಿದ್ದಾಳೆ, ಸಾಲದ ಭಯದಿಂದ ಅವನು ರಾತ್ರಿಯಲ್ಲಿ ಪರರ ಮನೆಯತ್ತ ಹೆಜ್ಜೆ ಹಾಕುತ್ತಾನೆ. ಮೂರು ಸಹಸ್ರ ವರ್ಷಗಳ ಹಿಂದಿನ ಈ ಚಿತ್ರದಲ್ಲಿ ಇಂದಿಗೂ ತಿದ್ದಬೇಕಾದ ರೇಖೆ ಹೆಚ್ಚಿಲ್ಲ. ಆದರೆ ಈ ವ್ಯಸನವನ್ನು ರಾಜನು ಏನು ಮಾಡಬೇಕೆಂಬ ವಿಷಯದಲ್ಲಿ ಪ್ರಾಚೀನರಲ್ಲಿ ಒಮ್ಮತವಿರಲಿಲ್ಲ. ಮನುವು ಅದನ್ನು ರಾಜ್ಯದಿಂದ ಹೊರಹಾಕಬೇಕೆಂದನು. ನಿರ್ಜೀವ ದಾಳಗಳ ಆಟವನ್ನು ದ್ಯೂತವೆಂದೂ ಪ್ರಾಣಿಗಳನ್ನು ಮುಂದಿಟ್ಟು ಪಣ ಕಟ್ಟುವುದನ್ನು ಸಮಾಹ್ವಯವೆಂದೂ ವಿಂಗಡಿಸಿ ಎರಡನ್ನೂ ಖಂಡಿಸಿದನು. ಯಾಜ್ಞವಲ್ಕ್ಯನೂ ಕೌಟಿಲ್ಯನೂ ಮಾತ್ರ ಬೇರೆ ದಾರಿ ಹಿಡಿದರು. ನಿಗದಿಯಾದ ಸ್ಥಳದಲ್ಲಿ, ಅಧಿಕಾರಿಯ ಕಣ್ಣೆದುರಿನಲ್ಲಿ ಆಟ ನಡೆಯಲಿ. ಗೆದ್ದ ಹಣದಲ್ಲಿ ನೂರಕ್ಕೆ ಐದರ ಪಾಲು ಸಲ್ಲಲಿ ಎಂಬುದು ಅರ್ಥಶಾಸ್ತ್ರದ ಏರ್ಪಾಟು. ನಿಷೇಧಿಸುವುದೋ, ನಿಯಂತ್ರಿಸಿ ಪಾಲು ಪಡೆಯುವುದೋ ಎಂಬ ಈ ಪ್ರಶ್ನೆಯೇ ಇತ್ತೀಚಿನ ವರ್ಷಗಳಲ್ಲಿ ಭಾರತದ ನ್ಯಾಯಾಲಯಗಳನ್ನೂ ಸಂಸತ್ತನ್ನೂ ಮತ್ತೆ ಕಾಡಿದೆ.

ಕಾಯಕವಿಲ್ಲದೆ ಕೈಸೇರಿದ ಧನವನ್ನು ಶರಣಧರ್ಮವು ಒಪ್ಪುವುದಿಲ್ಲವೆಂಬುದು ಸರ್ವವಿದಿತ. ನೀತಿಯ ದೃಷ್ಟಿಯಿಂದ ವಿಷಯ ಅಲ್ಲಿಗೇ ಮುಗಿಯುತ್ತದೆ. ಕಾಯಿದೆಯ ದೃಷ್ಟಿಯಿಂದ ಮುಗಿಯುವುದಿಲ್ಲ. ಏಕೆಂದರೆ ಕಾಯಿದೆಯು ಮೊದಲು ಕೇಳುವ ಪ್ರಶ್ನೆ ಜೂಜು ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ, ಯಾವುದನ್ನು ಜೂಜೆಂದು ಕರೆಯಬೇಕು ಎಂದು.

ಈ ಪ್ರಶ್ನೆಗೆ ಆಂಗ್ಲರ ಆಳ್ವಿಕೆಯಲ್ಲಿ ದೊರೆತ ಉತ್ತರ ಬಹುಕಾಲ ಬಾಳಿತು. 1867ರ ಸಾರ್ವಜನಿಕ ಜೂಜು ಅಧಿನಿಯಮವು ಜೂಜಿನ ಮನೆ ನಡೆಸುವವರನ್ನೂ ಅಲ್ಲಿ ಸೇರಿದವರನ್ನೂ ದಂಡನೆಗೆ ಗುರಿಪಡಿಸಿ, ಕೇವಲ ಕೌಶಲದ ಆಟಗಳಿಗೆ ಈ ಕಾಯಿದೆ ಅನ್ವಯಿಸದೆಂದು ಒಂದು ಕಲಮಿನಲ್ಲಿ ಹೇಳಿ ಸುಮ್ಮನಾಯಿತು. ಕೌಶಲವೆಂದರೇನು, ಅದು ಎಷ್ಟಿರಬೇಕು ಎಂಬುದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ. ಸ್ವಾತಂತ್ರ್ಯಾನಂತರ ಸಂವಿಧಾನವು ಪಣ ಮತ್ತು ಜೂಜಿನ ವಿಷಯವನ್ನು ರಾಜ್ಯಪಟ್ಟಿಯ 34ನೆಯ ನಮೂದಿನಲ್ಲಿ ಇರಿಸಿದ್ದರಿಂದ ರಾಜ್ಯಗಳು ತಮ್ಮ ತಮ್ಮ ಶಾಸನಗಳನ್ನು ರಚಿಸಿಕೊಂಡವು. 1963ರ ಮೈಸೂರು ಪೋಲೀಸ್ ಅಧಿನಿಯಮ, ಅಂದರೆ ಈಗಿನ ಕರ್ನಾಟಕ ಪೋಲೀಸ್ ಅಧಿನಿಯಮ, ಇಂಥದೊಂದು ಶಾಸನ. ಓ.ಸಿ., ಮಟಕಾ ಚೀಟಿ ಬರೆಯುವವರ ಮೇಲೆ ಪೋಲೀಸರು ಹೂಡುವ ಮೊಕದ್ದಮೆಗಳು, ದೀಪಾವಳಿಯ ದಿನಗಳಲ್ಲಿ ಅಂದರ್-ಬಾಹರ್ ಆಡುತ್ತ ಸಿಕ್ಕಿಬಿದ್ದವರ ಮೇಲಿನ ಮೊಕದ್ದಮೆಗಳು ಇದರ ಅಡಿಯಲ್ಲೇ ಬರುತ್ತವೆ. ಇದರಲ್ಲಿಯೂ ಕೌಶಲದ ಆಟಕ್ಕೆ ವಿನಾಯಿತಿಯಿತ್ತು. ಲಾಟರಿಯನ್ನೂ, ನಿಗದಿತ ಮೈದಾನದಲ್ಲಿ ಕುದುರೆಗಳ ಮೇಲೆ ಕಟ್ಟುವ ಬಾಜಿಯನ್ನೂ ಜೂಜಿನ ವ್ಯಾಖ್ಯೆಯಿಂದಲೇ ಹೊರಗಿಡಲಾಗಿತ್ತು.

ಕೌಶಲ ಮತ್ತು ಆಕಸ್ಮಿಕಗಳ ನಡುವಿನ ಗೆರೆಯನ್ನು ಸ್ವತಂತ್ರ ಭಾರತದಲ್ಲಿ ಮೊದಲು ಸ್ಪಷ್ಟವಾಗಿ ಎಳೆದ ಪ್ರಕರಣಕ್ಕೆ ಬೆಂಗಳೂರಿನೊಡನೆ ನೇರವಾದ ಸಂಬಂಧವಿದೆಯೆಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಆಂಗ್ಲ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಾಮರಬಾಗವಾಲಾ ಅವರ ಕಂಪನಿಯು ಪದಬಂಧ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಪತ್ರಿಕೆ ಹುಟ್ಟುತ್ತಿದ್ದುದು ಮೈಸೂರು ಸಂಸ್ಥಾನದಲ್ಲಿ. ಹೆಚ್ಚು ಪ್ರಸಾರವಿದ್ದುದು ಮುಂಬಯಿ ಪ್ರಾಂತದಲ್ಲಿ. ಪ್ರವೇಶಧನ ತೆತ್ತು ಜನರು ಪದಗಳನ್ನು ತುಂಬಿ ಕಳುಹಿಸುತ್ತಿದ್ದರು. ಒಂದು ಸುಳುಹಿಗೆ ಒಂದಕ್ಕಿಂತ ಹೆಚ್ಚು ಪದಗಳು ಹೊಂದುವಂತಿದ್ದಾಗ ಯಾವುದು ಸರಿಯೆಂಬುದು ಸಂಚಾಲಕರು ಮೊದಲೇ ಗೊತ್ತುಮಾಡಿ ಮುದ್ರೆಯೊತ್ತಿ ಇಟ್ಟ ಉತ್ತರವನ್ನು ಅವಲಂಬಿಸಿರುತ್ತಿತ್ತು. ಭಾಷಾಜ್ಞಾನದ ವೇಷ ತೊಟ್ಟ ಊಹೆಯಾಟ ಅದು. ಮುಂಬಯಿ ಸರಕಾರವು 1952ರಲ್ಲಿ ತನ್ನ ಕಾಯಿದೆಗೆ ತಿದ್ದುಪಡಿ ತಂದು ಹೊರನಾಡಿನಲ್ಲಿ ಮುದ್ರಿತವಾದ ಪತ್ರಿಕೆಗಳ ಸ್ಪರ್ಧೆಗಳಿಗೂ ತೆರಿಗೆ ವಿಧಿಸಿತು. ವ್ಯಾಪಾರ ಮಾಡುವುದು ಸಂವಿಧಾನದತ್ತವಾದ ಹಕ್ಕು, ಅಂತರರಾಜ್ಯ ವ್ಯಾಪಾರಕ್ಕೆ ಅಡ್ಡಿ ಸಲ್ಲದು ಎಂಬುದು ಕಂಪನಿಯ ವಾದ. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಕಂಪನಿ ಗೆದ್ದಿತು.

1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಅಕ್ಷಸೂಕ್ತ, ಮಹಾಭಾರತ, ಸ್ಮೃತಿಗಳೆಲ್ಲವನ್ನೂ ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲ, ಅದು ವಾಣಿಜ್ಯದ ಎಲ್ಲೆಯ ಆಚೆಗಿನದು, ಆದುದರಿಂದ ವ್ಯಾಪಾರಸ್ವಾತಂತ್ರ್ಯದ ಆಶ್ರಯ ಅದಕ್ಕೆ ದೊರೆಯದು ಎಂದು ಸಾರಿದರು. ಅದೇ ದಿನ, ಅದೇ ಚಾಮರಬಾಗವಾಲಾ ಅವರು 1955ರ ಬಹುಮಾನ ಸ್ಪರ್ಧೆಗಳ ಅಧಿನಿಯಮದ ವಿರುದ್ಧ ಹೂಡಿದ್ದ ಇನ್ನೊಂದು ಪ್ರಕರಣದಲ್ಲಿಯೂ ತೀರ್ಪು ಹೊರಬಿದ್ದಿತು. ಅಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು, ಆ ಅಧಿನಿಯಮವು ಆಕಸ್ಮಿಕವನ್ನು ಅವಲಂಬಿಸಿದ ಸ್ಪರ್ಧೆಗಳಿಗಷ್ಟೇ ಅನ್ವಯಿಸುವುದೆಂದೂ, ಗಣನೀಯ ಪ್ರಮಾಣದ ಕೌಶಲದಿಂದ ಗೆಲ್ಲಬಹುದಾದ ಸ್ಪರ್ಧೆ ಬೇರೆ ಜಾತಿಯದೆಂದೂ, ಅದು ವ್ಯಾಪಾರವೇ ಎಂದೂ ನಿರ್ಣಯಿಸಿದರು. ಒಂದೇ ದಿನದ ಈ ಎರಡು ತೀರ್ಪುಗಳಲ್ಲಿ ಮೊದಲನೆಯದು ಬಾಗಿಲನ್ನು ಮುಚ್ಚಿತು; ಎರಡನೆಯದು ಪಕ್ಕದಲ್ಲೊಂದು ಕಿಟಕಿ ತೆರೆಯಿತು. ಮುಂದಿನ ಅರುವತ್ತು ವರ್ಷಗಳ ವ್ಯಾಜ್ಯವೆಲ್ಲ ಆ ಕಿಟಕಿಯ ಅಳತೆಯನ್ನು ಕುರಿತದ್ದು.

ಆ ಕಿಟಕಿಯಿಂದ ಮೊದಲು ಒಳಬಂದ ಆಟ ರಮ್ಮಿ. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಪೋಲೀಸರು ದಾಳಿಯಿಟ್ಟು ಹಣ ಕಟ್ಟಿ ರಮ್ಮಿ ಆಡುತ್ತಿದ್ದವರನ್ನು ಹಿಡಿದಿದ್ದರು. 1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿತ್ತ ತೀರ್ಪಿನ ಪ್ರಕಾರ, ಮೂರೆಲೆಯ ಆಟದಂತೆ ರಮ್ಮಿಯು ಕೇವಲ ಅದೃಷ್ಟದ ಆಟವಲ್ಲ. ಯಾವ ಎಲೆ ಬಿದ್ದಿತೆಂಬುದನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂದು ಯೋಚಿಸಬೇಕು. ಆದುದರಿಂದ ಅದರಲ್ಲಿ ಕೌಶಲವೇ ಪ್ರಧಾನ. ಈ ಮಾತನ್ನು ಮುಂದೆ ಎಲ್ಲರೂ ಉದ್ಧರಿಸಿದರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು: ಮನೆಯ ಅಥವಾ ಕ್ಲಬ್ಬಿನ ಒಡೆಯನು ಹಣದ ಆಟದಿಂದ ತಾನು ಲಾಭ ಮಾಡಿಕೊಳ್ಳುತ್ತಿದ್ದಾನೆಂಬುದಕ್ಕೆ ಪುರಾವೆಯಿದ್ದರೆ ಅಪರಾಧ ಸಿದ್ಧವಾಗಬಹುದು. ಇದನ್ನು ಉದ್ಧರಿಸಿದವರು ಕಡಿಮೆ. ಮುಂದೆ ಮೊಬೈಲು ದೂರವಾಣಿಯಲ್ಲಿ ರಮ್ಮಿ ಆಡಿಸಿದ ಕಂಪನಿಗಳ ಆದಾಯವೆಲ್ಲ ಪ್ರತಿ ಆಟದ ಪಣದಿಂದ ತೆಗೆದಿರಿಸಿಕೊಳ್ಳುವ ಪಾಲೇ ಆಗಿದ್ದುದನ್ನು ನೆನೆದರೆ, ಆ ಎಚ್ಚರಿಕೆಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲವೆಂದೇ ಹೇಳಬೇಕಾಗುತ್ತದೆ.

1996ರಲ್ಲಿ ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಪ್ರಕರಣದಲ್ಲಿ ಕುದುರೆ ಜೂಜಿಗೂ ಕೌಶಲದ ಪದವಿ ದೊರೆಯಿತು. ಕುದುರೆಯ ವಂಶ, ಸವಾರನ ನೈಪುಣ್ಯ, ಹೊರುವ ಭಾರ ಇವನ್ನೆಲ್ಲ ಅರಿತು ಬಾಜಿ ಕಟ್ಟುವುದು ಜಾಣ್ಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಮನು ಹೇಳಿದ ಸಮಾಹ್ವಯಕ್ಕೆ ಹೀಗೆ ಸಮ್ಮಾನ ಸಂದಿತು.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಪುರಾಣಕಥೆಗಳಲ್ಲಿ ದಾಳವು ಎಂದೂ ಕುರುಡು ಅದೃಷ್ಟದ ಆಟವಾಗಿರಲಿಲ್ಲ. ನಳನು ಸೋತದ್ದು ಅಕ್ಷವಿದ್ಯೆ ತಿಳಿಯದೆ. ಗೆದ್ದದ್ದು ಋತುಪರ್ಣನಿಂದ ಅದನ್ನು ಕಲಿತ ಮೇಲೆ. ಧರ್ಮರಾಯನ ಎದುರಿಗೆ ಕುಳಿತ ಶಕುನಿ ಪರಮ ನಿಪುಣ. ಇಂದಿನ ನ್ಯಾಯಾಲಯದ ಅಳತೆಗೋಲಿನಿಂದ ಅಳೆದರೆ ಹಸ್ತಿನಾವತಿಯ ದ್ಯೂತವು ಕೌಶಲದ ಆಟವೆಂದು ಖುಲಾಸೆಯಾಗಬಹುದಿತ್ತು! ಆಟದಲ್ಲಿ ಜಾಣ್ಮೆ ಇದೆಯೆಂದ ಮಾತ್ರಕ್ಕೆ ಅದರಿಂದಾಗುವ ಹಾನಿ ಕಡಿಮೆಯಾಗುವುದಿಲ್ಲ. ಜಾಣನೆದುರು ಅಜಾಣನು ಕುಳಿತಾಗ ಹಾನಿ ಹೆಚ್ಚಾಗುವುದೂ ಉಂಟು. ಕೌಶಲದ ಪರೀಕ್ಷೆಯು ಆಟದ ಗುಣವನ್ನು ಅಳೆಯಿತೇ ಹೊರತು ಆಡುವವನು ಒಡ್ಡಿದ ಪಣವನ್ನು ಅಳೆಯಲಿಲ್ಲ. ಕ್ಲಬ್ಬಿನಲ್ಲಿ ನಾಲ್ಕು ಮಂದಿ ಪರಿಚಿತರು ಸಂಜೆಯ ಹೊತ್ತು ಆಡುವ ಕಾಲಕ್ಕೆ ಅದು ದೊಡ್ಡ ಕೊರತೆಯೆನಿಸಲಿಲ್ಲ.

ಸರಕಾರಗಳ ಕೈಯೂ ಈ ವಿಷಯದಲ್ಲಿ ಶುದ್ಧವಾಗಿರಲಿಲ್ಲ. ಕೇರಳವು 1967ರಲ್ಲಿ ರಾಜ್ಯ ಲಾಟರಿಯನ್ನು ಆರಂಭಿಸಿದ ಮೇಲೆ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳು ಆ ದಾರಿ ಹಿಡಿದವು. ಬಸ್ ನಿಲ್ದಾಣಗಳಲ್ಲಿ ಸರಕಾರದ ಮುದ್ರೆಯೊಡನೆ ಅದೃಷ್ಟದ ಚೀಟಿ ಮಾರಾಟವಾಯಿತು. ಸರಕಾರವೇ ನಡೆಸಿದರೂ ಲಾಟರಿ ಜೂಜೇ ಎಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ತಾನು ಲಾಟರಿ ನಡೆಸುತ್ತ ಪರರಾಜ್ಯದ ಲಾಟರಿಯನ್ನು ಮಾತ್ರ ನಿಷೇಧಿಸುವುದು ಸಲ್ಲದೆಂದೂ ಹೇಳಿತು. ಕರ್ನಾಟಕವು 2007ರಲ್ಲಿ ಎಲ್ಲ ಲಾಟರಿಗಳನ್ನೂ ನಿಲ್ಲಿಸಿತು. ಅದಕ್ಕೆ ಮೊದಲು 2004ರ ಶಾಸನದ ಮೇರೆಗೆ ಪರರಾಜ್ಯಗಳ ಲಾಟರಿಗಳ ಮೇಲೆ ಕರ್ನಾಟಕ ವಿಧಿಸಿದ್ದ ತೆರಿಗೆಯ ವ್ಯಾಜ್ಯವು 2022ರ ಮಾರ್ಚಿನಲ್ಲಿ, ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಬಿ.ವಿ. ನಾಗರತ್ನ ಅವರ ಪೀಠದಲ್ಲಿ, ರಾಜ್ಯದ ಪರವಾಗಿ ಇತ್ಯರ್ಥವಾಯಿತು. ಲಾಟರಿ ನಿಂತು ಹದಿನೈದು ವರ್ಷಗಳ ಮೇಲೆ ಅದರ ತೆರಿಗೆಯ ತೀರ್ಪು!

ಆ ವೇಳೆಗೆ ಜೂಜಿನ ಅಂಗಡಿ ಬಸ್ ನಿಲ್ದಾಣವನ್ನು ಬಿಟ್ಟು ಜನರ ಅಂಗೈಗೆ ಬಂದಿತ್ತು. ಆನ್‌ಲೈನ್ ರಮ್ಮಿ, ಪೋಕರ್, ಕ್ರಿಕೆಟ್ ಆಟಗಾರರ ಕಾಲ್ಪನಿಕ ತಂಡ ಕಟ್ಟಿ ಹಣ ಹೂಡುವ ಆಟ ಇವೆಲ್ಲ ಕೌಶಲವೆಂಬ ಕಿಟಕಿಯ ಮೂಲಕವೇ ಒಳಬಂದವು. ಕ್ಲಬ್ಬಿಗೆ ಹೊತ್ತುಗೊತ್ತಿತ್ತು, ಸದಸ್ಯತ್ವವಿತ್ತು, ಎದುರಿಗೆ ಕುಳಿತವನ ಮುಖ ಕಾಣುತ್ತಿತ್ತು, ಸೋತವನನ್ನು ಮನೆಗೆ ಹೋಗೆನ್ನುವ ಹಿರಿಯನೊಬ್ಬನಾದರೂ ಇರುತ್ತಿದ್ದನು. ದೂರವಾಣಿಯಲ್ಲಿ ಇವಾವುವೂ ಇಲ್ಲ. ನಡುರಾತ್ರಿ ಎರಡು ಗಂಟೆಗೂ ಎದುರಾಳಿ ಸಿದ್ಧ; ಸಂಬಳದ ಖಾತೆಯೂ ಸಾಲ ಕೊಡುವ ಅಂಗಡಿಯೂ ಅದೇ ಗಾಜಿನ ಹಿಂದೆ.

ಕರ್ನಾಟಕ ಸರಕಾರವು 2021ರಲ್ಲಿ ಪೋಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದಿತು. ಅಕ್ಟೋಬರ್ 5ರಿಂದ ಜಾರಿಗೆ ಬಂದ ಈ ತಿದ್ದುಪಡಿಯು ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ಜೂಜೆಂದು ಕರೆದು, ಕೌಶಲದ ಆಟದ ಮೇಲಿನ ಪಣಕ್ಕೂ ರಕ್ಷಣೆಯನ್ನು ತೆಗೆದುಹಾಕಿ, ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು ವಿಧಿಸಿತು. ಕುದುರೆ ಜೂಜು ಮಾತ್ರ ಎಂದಿನಂತೆ ಹೊರಗುಳಿಯಿತು. ನಾಲ್ಕೇ ತಿಂಗಳಲ್ಲಿ, 2022ರ ಫೆಬ್ರವರಿ 14ರಂದು, ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠವು ಈ ಕಲಮುಗಳನ್ನು ರದ್ದುಗೊಳಿಸಿತು. ರಾಜ್ಯಪಟ್ಟಿಯಲ್ಲಿರುವ ‘ಜೂಜು’ ಎಂಬ ಪದಕ್ಕೆ 1957ರಿಂದಲೂ ಆಕಸ್ಮಿಕದ ಆಟವೆಂದೇ ಅರ್ಥ. ಶಾಸಕಾಂಗವು ಕೌಶಲದ ಆಟಕ್ಕೆ ಜೂಜೆಂಬ ಹಣೆಪಟ್ಟಿ ಅಂಟಿಸಿದ ಮಾತ್ರಕ್ಕೆ ಅದು ಜೂಜಾಗದು. ನಿಯಂತ್ರಿಸಬಹುದಾದುದನ್ನು ಸಾರಾಸಗಟಾಗಿ ನಿಷೇಧಿಸುವುದು ಅತಿಯಾಯಿತು ಎಂಬುದು ತೀರ್ಪಿನ ತಿರುಳು. ಹೊಸದಾಗಿ, ಸಂವಿಧಾನಬದ್ಧವಾಗಿ ಶಾಸನ ರಚಿಸಲು ಅಡ್ಡಿಯಿಲ್ಲವೆಂದೂ ಪೀಠ ತಿಳಿಸಿತು. ತಮಿಳುನಾಡಿನ ಕಾಯಿದೆಗೂ 2021ರ ಆಗಸ್ಟಿನಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ಇದೇ ಗತಿಯಾಗಿತ್ತು. ಹಳೆಯ ಗೆರೆ ದಂಡಸಂಹಿತೆಯಲ್ಲಿ ಹೀಗೆ ಗಟ್ಟಿಯಾಗಿ ನಿಂತಿತು.

ಅದನ್ನು ಮೊದಲು ಅಳಿಸಿದವರು ಪೋಲೀಸರಲ್ಲ, ತೆರಿಗೆಯವರು. ಸರಕು ಮತ್ತು ಸೇವಾ ತೆರಿಗೆಯ ಪದ್ಧತಿಯಲ್ಲಿ ಕೌಶಲದ ಆಟ ನಡೆಸುವ ಕಂಪನಿಯು ತನ್ನ ಸೇವಾಶುಲ್ಕದ ಮೇಲೆ ಮಾತ್ರ ನೂರಕ್ಕೆ 18ರಂತೆ ತೆರಿಗೆ ಕೊಡುತ್ತಿತ್ತು. ಆಟಗಾರನು 100 ರೂಪಾಯಿ ಹೂಡಿದಾಗ ಕಂಪನಿಯ ಪಾಲು 10 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆ 1 ರೂಪಾಯಿ 80 ಪೈಸೆ. ಇಲಾಖೆಯ ವಾದ ಬೇರೆ: ಹಣ ಕಟ್ಟಿ ಆಡುವುದೆಲ್ಲ ಪಣವೇ, ಆದುದರಿಂದ ಪೂರ್ತಿ ನೂರರ ಮೇಲೆ 28 ರೂಪಾಯಿ ಸಲ್ಲಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಈ ಲೆಕ್ಕದಲ್ಲಿ ಸುಮಾರು 21,000 ಕೋಟಿ ರೂಪಾಯಿಗಳ ತಿಳಿವಳಿಕೆಪತ್ರ ಹೋಯಿತು. 2023ರ ಮೇ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಅಷ್ಟರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದಾಟ, ಕ್ಯಾಸಿನೋ, ಕುದುರೆ ಜೂಜು ಎಲ್ಲಕ್ಕೂ, ಕೌಶಲವೋ ಆಕಸ್ಮಿಕವೋ ಎಂಬ ವಿಚಾರಣೆಯೇ ಇಲ್ಲದೆ, ಪೂರ್ಣ ಮೌಲ್ಯದ ಮೇಲೆ ನೂರಕ್ಕೆ 28ರ ತೆರಿಗೆ ಬಂದಿತು. ಅದೇ ವರ್ಷದ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30ರ ಆದಾಯತೆರಿಗೆಗೂ ಪ್ರತ್ಯೇಕ ಕಲಮು ಸೇರಿತ್ತು. ಕೌಟಿಲ್ಯನ ಐದರ ಪಾಲು ಎಷ್ಟು ಸೌಮ್ಯವಾದದ್ದೆಂದು ಈಗ ತಿಳಿಯುತ್ತದೆ.

ತೆರಿಗೆ ಏರಿತು, ಆಟ ನಿಲ್ಲಲಿಲ್ಲ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಮನುವಿನ ದಾರಿಯನ್ನೇ ಹಿಡಿಯಿತು. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯು 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕೃತವಾಗಿ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಎಪ್ಪತ್ತು ವರ್ಷಗಳ ನ್ಯಾಯಶಾಸ್ತ್ರವನ್ನು ಬದಲಿಸುವ ಕಾರ್ಯಕ್ಕೆ ಮೂರು ದಿನಗಳು ಕಡಿಮೆಯೆಂದೇ ತೋರುತ್ತದೆ. ಸುಮಾರು 45 ಕೋಟಿ ಜನರು ಈ ಆಟಗಳಿಂದ ಬಾಧಿತರು, ಅವರ ನಷ್ಟ 20,000 ಕೋಟಿ ರೂಪಾಯಿಗಳಿಗೂ ಹೆಚ್ಚು ಎಂಬ ಅಂದಾಜನ್ನು ಸರಕಾರ ಮುಂದಿಟ್ಟಿತು.

ಈ ಅಧಿನಿಯಮದ ಹೃದಯವಿರುವುದು ಅದರ ವ್ಯಾಖ್ಯೆಯಲ್ಲಿ. ಹಣವನ್ನಾಗಲಿ ಹಣಕ್ಕೆ ಸಮನಾದುದನ್ನಾಗಲಿ ಒಡ್ಡಿ, ಪ್ರತಿಯಾಗಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟವು ಕೌಶಲದ್ದಾಗಿರಲಿ, ಆಕಸ್ಮಿಕದ್ದಾಗಿರಲಿ, ಎರಡೂ ಬೆರೆತದ್ದಾಗಿರಲಿ, ಅದು ಹಣದ ಆಟವೇ. ಆನ್‌ಲೈನಿನಲ್ಲಿ ಅದನ್ನು ನಡೆಸುವಂತಿಲ್ಲ. 1867ರಿಂದ ಕಾಯಿದೆಯು ಆಟದ ಕಡೆ ನೋಡುತ್ತಿತ್ತು. ಇಲ್ಲಿ ಪಣದ ಕಡೆ ನೋಡಿತು. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗೆ ದಂಡ. ಹಣ ರವಾನೆಗೆ ನೆರವಾಗುವವರಿಗೂ ಅಷ್ಟೇ. ಜಾಹೀರಾತು ಕೊಡುವವರಿಗೆ ಎರಡು ವರ್ಷಗಳವರೆಗೆ ಸೆರೆ, ಐವತ್ತು ಲಕ್ಷದವರೆಗೆ ದಂಡ. ಖ್ಯಾತ ಆಟಗಾರರೂ ನಟರೂ ಇಂಥ ಆಟಗಳನ್ನು ಹೊಗಳುತ್ತ ಬಂದುದನ್ನು ನೆನೆದರೆ ಕೊನೆಯ ಕಲಮಿನ ಅಗತ್ಯ ತಿಳಿಯುತ್ತದೆ. ಆಡಿದವನಿಗೆ ಶಿಕ್ಷೆಯಿಲ್ಲ. ಅವನನ್ನು ಅಪರಾಧಿಯೆಂದಲ್ಲ, ಬಲಿಪಶುವೆಂದು ಕಾಣಬೇಕೆಂಬುದು ಸರಕಾರದ ನಿಲುವು. ಅಂದರ್-ಬಾಹರ್ ಆಡಿದ ಕೂಲಿಕಾರನು ಹಳೆಯ ಪೋಲೀಸ್ ಕಾಯಿದೆಯಲ್ಲಿ ಕಾಣದ ಕನಿಕರ ಇದು. ಪಣವಿಲ್ಲದ ಮನರಂಜನೆಯ ಆಟಗಳಿಗೂ, ಪ್ರವೇಶಧನ ಮತ್ತು ಬಹುಮಾನಗಳಿರುವ ಇ-ಕ್ರೀಡಾಸ್ಪರ್ಧೆಗಳಿಗೂ ಈ ನಿಷೇಧ ತಗಲುವುದಿಲ್ಲ.

ಶಿಕ್ಷಕರಿಗೂ ಪೋಷಕರಿಗೂ ಇಲ್ಲಿ ತಿಳಿದಿರಬೇಕಾದ ಮಾತುಗಳು ಬೇರೆ ಕೆಲವಿವೆ. 1872ರ ಕರಾರು ಅಧಿನಿಯಮದ 30ನೆಯ ಕಲಮಿನಂತೆ ಪಣದ ಒಪ್ಪಂದವು ಅನೂರ್ಜಿತ. ಗೆದ್ದ ಹಣ ಕೊಡಿಸೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಆದರೆ ಅನೂರ್ಜಿತವಾದುದೆಲ್ಲ ಕಾನೂನುಬಾಹಿರವಲ್ಲ, ಆದುದರಿಂದ ಪಣಕ್ಕೆ ಹೊಂದಿಕೊಂಡ ಬೇರೊಂದು ಒಪ್ಪಂದ ಬಿದ್ದುಹೋಗುವುದಿಲ್ಲವೆಂದು 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆಟಕ್ಕೆಂದು ಬೇರೆಯವರಿಂದ ತಂದ ಸಾಲವು, ಆಟ ಜೂಜಾಗಿತ್ತೆಂಬ ಒಂದೇ ಕಾರಣಕ್ಕೆ ಮನ್ನಾ ಆದೀತೆಂದು ಯಾರೂ ನೆಚ್ಚುವಂತಿಲ್ಲ. ಗೆಲುವಿಗೆ ಕಾಯಿದೆಯ ಬೆಂಬಲವಿಲ್ಲ, ಸಾಲಕ್ಕೆ ಇರಬಹುದು. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದವು ಮಾತ್ರ 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದಲೂ ಮೊದಲಿನಿಂದಲೇ ಶೂನ್ಯ. ತಂದೆಯ ದೂರವಾಣಿಯಲ್ಲಿ ಮಗನು ಆಡಿ ಸೋತ ಸಂದರ್ಭಗಳಲ್ಲಿ ಈ ತತ್ತ್ವ ಉಪಯೋಗಕ್ಕೆ ಬಂದೀತು. ಆದರೆ ಖಾತೆ ತಂದೆಯ ಹೆಸರಿನಲ್ಲಿದ್ದಾಗ ಆಡಿದವನು ಬಾಲಕನೆಂದು ತೋರಿಸುವ ಹೊರೆ ಹಗುರವಲ್ಲ.

2025ರ ಅಧಿನಿಯಮವನ್ನು ಪ್ರಶ್ನಿಸಿ ಮೊದಲಿಗೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿಯೂ ಬಳಿಕ ಬೇರೆಡೆಗಳಲ್ಲಿಯೂ ಅರ್ಜಿಗಳು ದಾಖಲಾದವು. ಸೆಪ್ಟೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ಅವನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಜೂಜು ರಾಜ್ಯಪಟ್ಟಿಯ ವಿಷಯವಾಗಿರುವಾಗ ಸಂಸತ್ತಿಗೆ ಈ ಅಧಿಕಾರ ಎಲ್ಲಿಂದ ಬಂದಿತು, ಕೌಶಲದ ಆಟ ವ್ಯಾಪಾರವೆಂದು 1957ರಿಂದ ಸಿಕ್ಕಿದ್ದ ರಕ್ಷಣೆ ಏನಾಯಿತು ಎಂಬುವು ಅರ್ಜಿದಾರರು ಎತ್ತಿದ ಮುಖ್ಯ ಪ್ರಶ್ನೆಗಳು. ಅದೇ ಸೆಪ್ಟೆಂಬರಿನ 22ರಿಂದ ಲಾಟರಿ, ಕ್ಯಾಸಿನೋ, ಕುದುರೆ ಜೂಜು, ಆನ್‌ಲೈನ್ ಹಣದಾಟಗಳ ತೆರಿಗೆಯು ನೂರಕ್ಕೆ 40 ಆಯಿತು. ತಿಂಗಳ ಹಿಂದೆ ತಾನೇ ನಿಷೇಧಿಸಿದ ಆಟದ ಹೆಸರನ್ನೂ ತೆರಿಗೆಯ ಪಟ್ಟಿಯಿಂದ ಸರಕಾರ ಕೈಬಿಡಲಿಲ್ಲ.

ಈ ಅಧಿನಿಯಮದ ಹಿಡಿತವಿರುವುದು ಆನ್‌ಲೈನಿನ ಮೇಲೆ ಮಾತ್ರ. ಮೇಜಿನ ಸುತ್ತ ಕುಳಿತು ಕೈಯಲ್ಲಿ ಎಲೆ ಹಿಡಿದು ಆಡುವವರಿಗೆ ರಾಜ್ಯದ ಪೋಲೀಸ್ ಅಧಿನಿಯಮವೂ 1967ರ ತೀರ್ಪೂ ಹಾಗೆಯೇ ಉಳಿದಿವೆ. ಅದೇ ಹದಿಮೂರು ಎಲೆ, ಅದೇ ನೂರು ರೂಪಾಯಿಯ ಪಣ: ಕ್ಲಬ್ಬಿನ ಮೇಜಿನ ಮೇಲೆ ಅದು ಕೌಶಲದ ಆಟ, ದೂರವಾಣಿಯ ಗಾಜಿನ ಮೇಲೆ ಅದನ್ನು ಆಡಿಸಿದವನಿಗೆ ಮೂರು ವರ್ಷಗಳ ಸೆರೆಯ ಸಂಭವ.